ಜಗಳದ ರೋಲು ಕಂಡ ಕೆಂಪು

ಮೂರು ವರ್ಷದ ಹಿಂದೆ, ಕಾರ್ತಿಕ ಮಾಸ ಶುರುವಾದ ವಾರ, ಚಳ್ಳಕೆರೆಯಲ್ಲಿ ನನಗಿದ್ದ ಹುದ್ದೆ ಮಾಜಿ ಕಲರ್ ಲ್ಯಾಬ್ ಮಾಲೀಕನದು. ಇಪ್ಪತ್ತಾರು ವರ್ಷ ಪೇಟೆಯಲ್ಲಿ ಲ್ಯಾಬ್ ನಡೆಸಿದ್ದೆ. ಸುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗೃಹಪ್ರವೇಶಗಳ ಫಿಲ್ಮ್ ರೋಲುಗಳು ನನ್ನಲ್ಲಿಗೆ ಬರುತ್ತಿದ್ದವು. ಅವನ್ನು ತೊಳೆದು ನೆಗೆಟಿವ್ ಮಾಡಿ, ನೆಗೆಟಿವ್‌ನಿಂದ ಬಣ್ಣದ ಫೋಟೊ ಪ್ರಿಂಟ್ ಹಾಕಿ ಕೊಡುತ್ತಿದ್ದೆ. ಡಿಜಿಟಲ್ ಬಂತು, ಮೊಬೈಲ್ ಬಂತು, ಲ್ಯಾಬಿನ ಮಷೀನು ಗುಜರಿಗೆ ಹೋಯಿತು. ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಒಂದು ಹಳೆಯ ಎನ್ಲಾರ್ಜರ್ ಮತ್ತು ಖರ್ಚಾಗದೆ ಉಳಿದ ಕೆಲವು ರೋಲುಗಳನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಎನ್ಲಾರ್ಜರ್ ಬಚ್ಚಲಿನಲ್ಲಿತ್ತು, ರೋಲುಗಳು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದ್ದವು. ಟೊಮೆಟೊ ಇಡಲು ಜಾಗವಿಲ್ಲವೆಂದು ನನ್ನ ಹೆಂಡತಿ ಅವತ್ತಿಗೆ ಏಳು ವರ್ಷದಿಂದ ಹೇಳುತ್ತಿದ್ದಳು.

ಆ ವಾರ ಮನೆಗೆ ಬಂದವರು ಮಂಜುಳಾ. ದೊಡ್ಡಉಳ್ಳಾರ್ತಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವಯಸ್ಸು ನಲವತ್ತರ ಹತ್ತಿರ. ಹೆಗಲಲ್ಲಿ ನನ್ನ ಕಾಲದ್ದೇ ಒಂದು ಫಿಲ್ಮ್ ಕ್ಯಾಮೆರಾ ಇತ್ತು. ಈಗಲೂ ಫಿಲ್ಮ್ ತೊಳೆಯುತ್ತೀರಂತೆ, ನಿಜವೇ ಎಂದು ಕೇಳಿದರು. ತೊಳೆಯುತ್ತೇನೆ, ಆದರೆ ತೊಳೆಸುವವರಿಲ್ಲ ಎಂದೆ.

ಅವರ ಊರಿನ ಅಂಚಿಗೆ ಕಾವಲು, ಅಂದರೆ ಕುರಿ ದನ ಮೇಯುವ ಹುಲ್ಲುಬಯಲು. ಕುರಿ ಕೂಡಿಹಾಕುವ ರೊಪ್ಪಗಳೆಲ್ಲ ಅಲ್ಲೇ ಇವೆ. ತೋಳದ ಕಾಟ ಇದ್ದುದರಿಂದ ಅಲ್ಲೊಂದು ಎತ್ತರದ ಕಂಬ ನೆಟ್ಟು ನಾಲ್ಕೂ ದಿಕ್ಕಿಗೆ ದೊಡ್ಡ ದೀಪ ಹಾಕಿಸಬೇಕೆಂದು ಪಂಚಾಯಿತಿ ಗೊತ್ತು ಮಾಡಿತ್ತು. ದೀಪ ಬೇಡ ಎಂದು ಮಂಜುಳಾ ಹೇಳಿರಲಿಲ್ಲ. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ತಗಡಿನ ಮುಚ್ಚಿಗೆ ಹಾಕಿ, ಆಕಾಶಕ್ಕೆ ಬಿಡಬೇಡಿ ಎಂದಷ್ಟೇ ಗ್ರಾಮಸಭೆಯಲ್ಲಿ ಕೇಳಿದ್ದರು. ನಮ್ಮ ಊರಿನ ಮೇಲೆ ಇಂಥದ್ದೆಲ್ಲ ಇದೆ, ಮಕ್ಕಳಿಗೆ ಅದು ಉಳಿಯಲಿ ಎಂದು ಫೋನಿನಲ್ಲಿ ಕೆಂಪು ನೆಬ್ಯುಲಾದ ಚಿತ್ರವೊಂದನ್ನು ತೋರಿಸಿದ್ದರು. ನೆಬ್ಯುಲಾ ಎಂದರೆ ನಕ್ಷತ್ರಗಳ ನಡುವೆ ಹರಡಿಕೊಂಡ ಅನಿಲದ ಮೋಡ. ಪಂಚಾಯಿತಿ ಅಧ್ಯಕ್ಷ ಓಬಣ್ಣ, ಸ್ವತಃ ಇನ್ನೂರು ಕುರಿಯ ಯಜಮಾನ, ಚಿತ್ರ ನೋಡಿ ನಕ್ಕುಬಿಟ್ಟರಂತೆ.

"ಇದು ಕಂಪ್ಯೂಟರ್‌ನಾಗೆ ಹಚ್ಚಿದ ಬಣ್ಣ ಮೇಡಮ್ಮೋರೆ. ನಮ್ಮೂರ ಮ್ಯಾಲೆ ಇಂಥದ್ದು ಎಲ್ಲೈತೆ, ತೋರಿಸ್ರಿ" ಎಂದಿದ್ದರು.

ಸಭೆಯೂ ನಕ್ಕಿತ್ತು. ಗಣರಾಜ್ಯೋತ್ಸವದ ದಿನದ ಗ್ರಾಮಸಭೆಯಲ್ಲಿ ದೀಪದ ಮಾತು ಮುಗಿಸುವುದು, ಅಷ್ಟರೊಳಗೆ ತೋರಿಸುವುದಿದ್ದರೆ ತೋರಿಸಿ ಎಂದು ತೀರ್ಮಾನವಾಗಿತ್ತು. ಕಂಬ ಒಮ್ಮೆ ಎದ್ದರೆ ಮತ್ತೆ ಅದರ ತಲೆಯ ಮೇಲೆ ಹತ್ತಿ ಮುಚ್ಚಿಗೆ ಹಾಕುವವರು ಯಾರೂ ಇರುವುದಿಲ್ಲ. ಆ ಬಯಲಿನ ಕತ್ತಲೆ ಆ ಚಳಿಗಾಲಕ್ಕೇ ಕೊನೆ.

"ಡಿಜಿಟಲ್‌ನಾಗೆ ತೆಗೆದ್ರೆ ಮತ್ತೆ ಅದೇ ಮಾತು ಸಾರ್. ನೆಗೆಟಿವ್ ಆದ್ರೆ ಸಾಕ್ಷಿ ಇದ್ದಂಗೆ" ಎಂದರು ಮಂಜುಳಾ.

ನನಗೆ ಆ ಮಾತು ಹಿಡಿಸಿತು. ನೆಗೆಟಿವ್‌ಗೆ ಯಾರಾದರೂ ಮರ್ಯಾದೆ ಕೊಟ್ಟು ಬಹಳ ಕಾಲವಾಗಿತ್ತು.

ತಯಾರಿಯನ್ನು ಅವರು ಚೆನ್ನಾಗಿಯೇ ಮಾಡಿಕೊಂಡಿದ್ದರು. ಭೂಮಿ ತಿರುಗುವುದರಿಂದ ಕ್ಯಾಮೆರಾವನ್ನು ಸುಮ್ಮನೆ ಇಟ್ಟರೆ ನಕ್ಷತ್ರಗಳು ಗೆರೆಗಳಾಗಿ ಬೀಳುತ್ತವೆ. ಅದಕ್ಕೆ ಎರಡು ಹಲಗೆಗಳನ್ನು ಬಾಗಿಲಿನ ಕೀಲಿನಿಂದ ಜೋಡಿಸಿ, ಮಧ್ಯೆ ಬೋಲ್ಟೊಂದನ್ನು ತೂರಿಸಿದ್ದರು. ನಿಮಿಷಕ್ಕೆ ಒಂದು ಸುತ್ತಿನಂತೆ ಬೋಲ್ಟ್ ತಿರುಗಿಸಿದರೆ ಮೇಲಿನ ಹಲಗೆ, ಅದರ ಮೇಲಿನ ಕ್ಯಾಮೆರಾ, ಆಕಾಶದ ಜೊತೆಗೇ ಸರಿಯುತ್ತದೆ. ಊರಿನ ಬಡಗಿಯಿಂದ ಮಾಡಿಸಿದ್ದಂತೆ. ಏನು ಎತ್ತ ಎಂದು ಅವನು ಕೇಳಲಿಲ್ಲವಂತೆ, ರೊಟ್ಟಿ ಒತ್ತುವುದಕ್ಕೆ ಎಂದುಕೊಂಡಿದ್ದಿರಬೇಕು.

ಫಿಲ್ಮ್ ಆರಿಸುವುದು ಮಾತ್ರ ನನ್ನ ಪಾಲಿಗೆ ಬಂತು. ಖಾನೆಯಲ್ಲಿ ಎರಡು ಬಗೆ ಇದ್ದವು. ಒಂದು, ಲ್ಯಾಬಿನಲ್ಲಿ ನಾವು ಮದುವೆ ರೋಲು ಎನ್ನುತ್ತಿದ್ದದ್ದು. ಮುಖದ ಬಣ್ಣ, ಅರಿಶಿನ, ಕುಂಕುಮ, ಸೀರೆ, ಎಲ್ಲ ಕಣ್ಣಿಗೆ ಕಂಡ ಹಾಗೇ ಬರುತ್ತಿತ್ತು. ಅದರ ಹಿಂದೆ ಬೇರೆ ಕಂಪನಿಯ ಮೂರು ರೋಲು ಬಿದ್ದಿದ್ದವು. ಅವಕ್ಕೆ ನಮ್ಮಲ್ಲಿ ಜಗಳದ ರೋಲು ಎಂದು ಹೆಸರು. ಕೆಲವು ಹಸಿರು ಸೀರೆಗಳು ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿ, ಗಿರಾಕಿಗಳು ಆಲ್ಬಮ್ ಹಿಡಿದು ಜಗಳಕ್ಕೆ ಬರುತ್ತಿದ್ದರು. ನಾನು ಎರಡು ಸಲ ಯೋಚಿಸಲಿಲ್ಲ. ಸೀರೆಯ ಬಣ್ಣಕ್ಕೆ ಮೋಸ ಮಾಡದ್ದು ಆಕಾಶಕ್ಕೂ ಮಾಡುವುದಿಲ್ಲವೆಂದು ಮದುವೆ ರೋಲು ಕೊಟ್ಟು ಕಳಿಸಿದೆ. ಬೀರುವಿನ ಒಳ್ಳೆಯ ಬಟ್ಟೆ ತೆಗೆದುಕೊಟ್ಟಷ್ಟು ಹೆಮ್ಮೆ ನನಗೆ.

ಕಾರ್ತಿಕದ ಅಮಾವಾಸ್ಯೆಯಲ್ಲಿ ಅವರು ಮಹಾವ್ಯಾಧನನ್ನು, ಎಂದರೆ ಒರಾಯನ್ ನಕ್ಷತ್ರಪುಂಜವನ್ನು, ಎಂಟೆಂಟು ನಿಮಿಷದಂತೆ ತೆಗೆದು ತಂದರು. ಸಾಲಾಗಿ ಕಾಣುವ ಮೂರು ಚುಕ್ಕಿಗಳ ಕೆಳಗೆ ಆ ನೆಬ್ಯುಲಾ ಇದೆ. ಮೂವತ್ತೆಂಟು ಡಿಗ್ರಿ ಡೆವಲಪರ್‌ನಲ್ಲಿ ಮೂರು ನಿಮಿಷ ಹದಿನೈದು ಸೆಕೆಂಡ್ ಇಟ್ಟು ರೋಲು ತೊಳೆದೆ. ಇಪ್ಪತ್ತಾರು ವರ್ಷ ಮಾಡಿದ ಕೆಲಸ, ಕೈಗೆ ಮರೆತಿರಲಿಲ್ಲ. ನಕ್ಷತ್ರಗಳು ಸೂಜಿ ಚುಚ್ಚಿದ ಹಾಗೆ ಬಿದ್ದಿದ್ದವು. ಪ್ರಿಂಟ್ ಹಾಕಿದರೆ ನೆಬ್ಯುಲಾ ಇರಬೇಕಾದ ಜಾಗದಲ್ಲಿ ಬೂದಿ ಮೆತ್ತಿದಂಥ ಒಂದು ಮಂಕು ನೀಲಿ ಕಲೆ. ಕೆಂಪು ಎಂಬುದರ ಸುಳಿವೇ ಇರಲಿಲ್ಲ.

ಲ್ಯಾಬಿನವನ ಬುದ್ಧಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ನನ್ನದೂ ಹೋಯಿತು. ಎನ್ಲಾರ್ಜರ್‌ನ ಫಿಲ್ಟರ್ ತಿರುಗಿಸಿ ಪ್ರಿಂಟಿಗೆ ಕೆಂಪು ಏರಿಸಿದೆ. ಕಲೆ ಕೆಂಪಾಯಿತು. ಅದರ ಜೊತೆಗೆ ಇಡೀ ಆಕಾಶ ಇಟ್ಟಿಗೆ ಗೂಡಿನಂತೆ ಕೆಂಪಾಯಿತು. ಆಕಾಶವನ್ನು ಮರೆಮಾಡಿ ಕಲೆಯನ್ನಷ್ಟೇ ಕೆಂಪು ಮಾಡಬಹುದು, ಅರ್ಧ ಗಂಟೆಯ ಕೆಲಸ ಎಂದೆ. ಮಂಜುಳಾ ಹಸಿ ಪ್ರಿಂಟನ್ನು ತಟ್ಟೆಗೆ ವಾಪಸು ಹಾಕಿದರು.

"ಇಲ್ಲದ ಕೆಂಪನ್ನ ನೀವು ಎಲ್ಲಿಂದ ತರ್ತೀರಿ ಸಾರ್? ಓಬಣ್ಣ ಹೇಳಿದ್ದೂ ಅದನ್ನೇ ಅಲ್ವಾ?"

ನಾನು ಫಿಲ್ಟರನ್ನು ಮೊದಲಿನ ಜಾಗಕ್ಕೇ ತಿರುಗಿಸಿಟ್ಟೆ.

ಮಾರನೆಯ ದಿನ ಅಟ್ಟದಿಂದ ಹಳೆಯ ಫೈಲುಗಳನ್ನು ಇಳಿಸಿದೆ. ಕಂಪನಿಯವರು ಫಿಲ್ಮ್ ಜೊತೆಗೆ ಮಾಹಿತಿ ಹಾಳೆ ಕೊಡುತ್ತಿದ್ದರು. ತೊಳೆಯುವ ಶಾಖ, ಸಮಯ ಓದಿಕೊಂಡು ಉಳಿದದ್ದನ್ನು ಕಟ್ಟಿಡುತ್ತಿದ್ದೆ. ಮದುವೆ ರೋಲಿನ ಹಾಳೆಯ ಹಿಂಬದಿಯಲ್ಲಿ ಮೂರು ಗುಡ್ಡಗಳಂಥ ಗೆರೆ ಇತ್ತು. ತಲೆಬರಹ ಸ್ಪೆಕ್ಟ್ರಲ್ ಸೆನ್ಸಿಟಿವಿಟಿ, ಎಂದರೆ ಯಾವ ಬಣ್ಣದ ಬೆಳಕಿಗೆ ಫಿಲ್ಮ್ ಎಷ್ಟು ಸ್ಪಂದಿಸುತ್ತದೆ ಎಂಬ ಲೆಕ್ಕ. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿಯೂ ನಾನು ಅದನ್ನು ಓದಿರಲಿಲ್ಲ. ಮತ್ತೆ ಬಂದ ಮಂಜುಳಾ ಓದಿ ಹೇಳಿದರು.

ಬಣ್ಣದ ಫಿಲ್ಮ್‌ನಲ್ಲಿ ಮೂರು ಪದರಗಳಿರುತ್ತವೆ. ಒಂದು ನೀಲಿಯನ್ನು ಹಿಡಿಯುತ್ತದೆ, ಒಂದು ಹಸಿರನ್ನು, ಒಂದು ಕೆಂಪನ್ನು. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ ಅಳೆಯುತ್ತಾರೆ, ಅಳತೆ ನ್ಯಾನೊಮೀಟರ್. ಕುಂಕುಮದ ಕೆಂಪು ಸುಮಾರು ಆರು ನೂರರಿಂದ ಏಳು ನೂರರವರೆಗೆ ಅಗಲವಾಗಿ ಹರಡಿಕೊಂಡಿರುತ್ತದೆ. ನೆಬ್ಯುಲಾದ ಕೆಂಪು ಹಾಗಲ್ಲ. ಅದು ಹೈಡ್ರೋಜನ್ ಅನಿಲ ಕೊಡುವ ಬೆಳಕು, ಇರುವುದು 656 ಎಂಬ ಒಂದೇ ಗೆರೆಯಲ್ಲಿ. ಆ ಕೊನೆಯ ಕೆಂಪಿಗೆ ನಮ್ಮ ಕಣ್ಣು ಮಂಕು. ಮದುವೆ ರೋಲನ್ನು ಮಾಡಿದವರು ಬುದ್ಧಿವಂತರು, ಫಿಲ್ಮನ್ನು ಕಣ್ಣಿನ ಹಾಗೆ ನೋಡಿಸಬೇಕೆಂದು ಕೆಂಪು ಪದರದ ಗುಡ್ಡವನ್ನು ಈಚೆಗೆ ಸರಿಸಿದ್ದರು. ಗುಡ್ಡ 640ರ ಹೊತ್ತಿಗೇ ಇಳಿದು ನೆಲ ಹಿಡಿದಿತ್ತು. ಕುಂಕುಮದಲ್ಲಿ ಬೇಕಾದಷ್ಟು ಕೆಂಪು ಅದಕ್ಕಿಂತ ಈಚೆಗೇ ಸಿಗುತ್ತದೆ, ಹಾಗಾಗಿ ಮದುವೆಗೆ ಕೊರತೆಯಾಗಲಿಲ್ಲ. 656ರ ಒಂಟಿ ಗೆರೆ ಬಂದರೆ ಆ ಫಿಲ್ಮ್ ಕುರುಡು. ನಾನು ಕಣ್ಣಿಗೆ ನಂಬಿಗಸ್ತವಾದದ್ದನ್ನು ಆರಿಸಿದ್ದೆ, ಬೇಕಾಗಿದ್ದದ್ದು ಕಣ್ಣಿಗೆ ಕಾಣದ್ದನ್ನು ನೋಡುವ ಫಿಲ್ಮ್.

ಉಳಿದಿದ್ದು ಒಂದೇ ಅಮಾವಾಸ್ಯೆ, ಮಾರ್ಗಶಿರದ್ದು. ಅದರಲ್ಲೂ ತಪ್ಪಿದರೆ ಗ್ರಾಮಸಭೆಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಹೊಸ ಫಿಲ್ಮ್ ತರಿಸೋಣವೆಂದರೆ ಯಾವುದು ಆ ಗೆರೆಯನ್ನು ಕಾಣುತ್ತದೆಂದು ಖಚಿತವಾಗಿ ಹೇಳುವವರು ಸಿಗಲಿಲ್ಲ. ಜಗಳದ ರೋಲಿನ ಹಾಳೆ ಕಳೆದುಹೋಗಿತ್ತು. ಅದಕ್ಕೆ ಆ ಹೆಸರು ಯಾಕೆ ಬಂತು ಎಂದು ಮಂಜುಳಾ ಕೇಳಿದರು. ಹೇಳಲು ಇಷ್ಟವಿರಲಿಲ್ಲ. ಆದರೂ ಹೇಳಿದೆ.

ಮೊಳಕಾಲ್ಮುರಿನಲ್ಲಿ ಅಂಜಿನಪ್ಪ ಎಂಬವರಿದ್ದಾರೆ. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಅವತ್ತಿಗೆ ಇಪ್ಪತ್ತೆರಡು ವರ್ಷದ ಹಿಂದೆ ಮಗಳ ಮದುವೆಗೆ ತಾವೇ ಒಂದು ಕಡು ಹಸಿರು ಬಣ್ಣ ಹದ ಮಾಡಿ, ಪಕ್ಕದ ಮಗ್ಗದಲ್ಲಿ ಸೀರೆ ನೇಯಿಸಿದ್ದರು. ಫೋಟೊ ತೆಗೆದವನು ಆ ರೋಲು ಹಾಕಿದ್ದ, ಪ್ರಿಂಟ್ ನಮ್ಮಲ್ಲಿ ಆಗಿತ್ತು. ಆಲ್ಬಮ್‌ನಲ್ಲಿ ಸೀರೆ ಕಾಫಿ ಪುಡಿಯ ಬಣ್ಣ. ಅವರು ಸೀರೆಯನ್ನೂ ಆಲ್ಬಮನ್ನೂ ಚೀಲದಲ್ಲಿ ತಂದು, ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಲ್ಲಿ ಅಕ್ಕಪಕ್ಕ ಹರವಿ, ನೋಡು ಎಂದರು. ನಾನು ಮೆಟ್ಟಿಲಿಳಿದು ನೋಡಲಿಲ್ಲ. ಫಿಲ್ಮ್ ಸುಳ್ಳು ಹೇಳುವುದಿಲ್ಲ, ನಿಮ್ಮ ಬಣ್ಣವೇ ಸರಿಯಿಲ್ಲ ಎಂದುಬಿಟ್ಟೆ. ಅಂಗಡಿಯಲ್ಲಿ ಆರೇಳು ಜನರಿದ್ದರು, ಅವರಲ್ಲೊಬ್ಬ ಸೀರೆ ವ್ಯಾಪಾರಿ. ಅಂಜಿನಪ್ಪ ಸೀರೆಯನ್ನು ನಿಧಾನವಾಗಿ ಮಡಿಸಿಕೊಂಡು ಹೋದರು. ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಮಂಜುಳಾ ಮೂರು ಗುಡ್ಡದ ಹಾಳೆಯನ್ನು ಮತ್ತೆ ಎತ್ತಿಕೊಂಡರು. ಆಮೇಲೆ, ಕೆಲವು ಹಸಿರುಗಳು ಕಣ್ಣಿಗೆ ಹಸಿರಾಗಿ ಕಂಡರೂ ಆ ಕೊನೆಯ ಕೆಂಪನ್ನೂ ಹೊರಗೆ ಬಿಡುತ್ತವೆ ಎಂದು ವಿವರಿಸಿದರು. ನಮ್ಮ ಕಣ್ಣಿಗೆ ಅದು ಲೆಕ್ಕಕ್ಕಿಲ್ಲ. ಆ ಕೆಂಪನ್ನು ಕಾಣುವ ಫಿಲ್ಮ್ ಮಾತ್ರ ಹಸಿರಿಗೆ ಕೆಂಪು ಬೆರೆಸಿ ಕಂದು ಮಾಡುತ್ತದೆ. ಎಂದರೆ ಅಂಜಿನಪ್ಪನವರ ಬಣ್ಣವೂ ಸರಿಯಿತ್ತು, ಫಿಲ್ಮೂ ಸರಿಯಿತ್ತು. ತಪ್ಪಿದ್ದವನು ನಾನೊಬ್ಬನೇ.

ಜಗಳದ ರೋಲಿಗೆ ಆಗ ಆ ಕಣ್ಣಿತ್ತು ಸರಿ, ಇಷ್ಟು ವರ್ಷ ಫ್ರಿಜ್ಜಿನಲ್ಲಿ ಕೂತ ಮೇಲೂ ಇದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಅದೇ ಹಸಿರು ಬೇಕು. ಫೋನ್ ಮಾಡುವ ಮುಖ ನನಗಿರಲಿಲ್ಲ. ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಮೊಳಕಾಲ್ಮುರಿಗೆ ಹೋದೆ.

ಅಂಜಿನಪ್ಪನವರಿಗೆ ಎಪ್ಪತ್ತೈದು ದಾಟಿತ್ತು. ಬಣ್ಣದ ಕೆಲಸ ಅಳಿಯನ ಕೈಗೆ ಹೋಗಿತ್ತು. ಬಾಗಿಲಲ್ಲಿ ಕೂತಿದ್ದವರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಏಮಯ್ಯಾ ತಿಪ್ಪೇಸ್ವಾಮಿ, ಅಂಗಡಿ ಮುಚ್ಚಿದ ಮ್ಯಾಲೆ ದಾರಿ ಸಿಕ್ತಾ?"

ಕೂತುಕೊಂಡು ಎಲ್ಲ ಹೇಳಿದೆ. ಟೀಚರ್, ದೀಪ, ನೆಬ್ಯುಲಾ, ಮೂರು ಗುಡ್ಡ, 656. ಅವತ್ತು ನಾನು ಹೇಳಿದ್ದು ತಪ್ಪು, ನಿಮ್ಮ ಬಣ್ಣದಲ್ಲಿ ದೋಷವಿರಲಿಲ್ಲ ಎಂದೂ ಹೇಳಿದೆ. ಈ ಮಾತನ್ನು ಬಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡು ಬಂದಿದ್ದೆ. ಅವರು ಅಡಿಕೆ ಅಗಿಯುತ್ತ ಕೊನೆಯವರೆಗೆ ಕೇಳಿದರು.

"ಆ ಹಸಿರಿನಾಗೆ ಕೆಂಪು ಐತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬಿಸಿಲಾಗೆ ಹಸಿರು, ಬಲ್ಬಿನ ಕೆಳಗೆ ಹಿಡಿದ್ರೆ ಕಂದು ತಿರುಗೋದು. ನೀನು ಕೇಳಿದ್ರೆ ಹೇಳ್ತಿದ್ದೆ."

ಈಗಲಾದರೂ ಕೇಳಿದೆ, ಆ ಹಸಿರು ಏನಾದರೂ ಉಳಿದಿದೆಯೇ ಎಂದು.

ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ. ಆ ವ್ಯಾಪಾರಿ ಪೇಟೆಯಲ್ಲೆಲ್ಲ ಸುದ್ದಿ ಹಬ್ಬಿಸಿದ ಮೇಲೆ ಆ ಹಸಿರನ್ನು ಯಾರೂ ಕೇಳಲಿಲ್ಲವಂತೆ. ಮಗಳ ಸೀರೆಯೇ ಮೊದಲು, ಅದೇ ಕೊನೆ. ಆದರೆ ಬಣ್ಣ ಹಾಕುವವರು ಪ್ರತಿ ಬಣ್ಣದ್ದೂ ಒಂದು ಚಿಕ್ಕ ಲಡಿ ನೂಲನ್ನು ಮಾದರಿಗೆಂದು ಎತ್ತಿಡುತ್ತಾರೆ. ಒಳಗಿನ ಪೆಟ್ಟಿಗೆಯಿಂದ ಆ ಲಡಿಯನ್ನು ತಂದರು. ಕೊಡುವ ಮೊದಲು ಹೊಸ್ತಿಲು ದಾಟಿ ಬಯಲಿಗೆ ಬಂದು ಬೆಳಕಿಗೆ ಹಿಡಿದು ನೋಡಿದರು. ಮನೆಯೊಳಗೆ ನೋಡಿದ ಬಣ್ಣವನ್ನು ಅವರ ಕಸುಬಿನವರು ನಂಬುವುದಿಲ್ಲ. ಮಾಸಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕೈಗಿಟ್ಟರು.

ಮರುದಿನ ಮಧ್ಯಾಹ್ನದ ಬಿಸಿಲಲ್ಲಿ ಆ ಲಡಿಯ ಫೋಟೊವನ್ನು ಎರಡೂ ಬಗೆಯ ಫಿಲ್ಮ್‌ನಲ್ಲಿ ತೆಗೆದೆ. ಮೂರು ಜಗಳದ ರೋಲುಗಳಲ್ಲಿ ಒಂದನ್ನು ಇದಕ್ಕೆ ಬಲಿ ಕೊಡಬೇಕಾಯಿತು. ಮದುವೆ ರೋಲಿನಲ್ಲಿ ಲಡಿ ಕಣ್ಣಿಗೆ ಕಂಡಂತೆಯೇ ಹಸಿರಾಗಿ ಬಂತು. ಜಗಳದ ರೋಲಿನಲ್ಲಿ ಕಾಫಿ ಪುಡಿ. ಇಪ್ಪತ್ತೆರಡು ವರ್ಷದ ಹಿಂದೆ ಯಾವ ಬಣ್ಣದ ಮಾತಿಗೆ ಸಿಡಿಮಿಡಿಗೊಂಡಿದ್ದೆನೋ ಅದೇ ಬಣ್ಣ ನೋಡಿ ಬಚ್ಚಲಿನಲ್ಲಿ ಒಬ್ಬನೇ ನಕ್ಕೆ. ವಯಸ್ಸಾಗಿ ಫಿಲ್ಮ್‌ನ ಬೆಳಕು ಹಿಡಿಯುವ ಚುರುಕು ಅರ್ಧ ಇಳಿದಿತ್ತು, ಚಿತ್ರ ಕಾಳು ಕಾಳಾಗಿ ಬಿದ್ದಿತ್ತು, ಆದರೆ ಕಣ್ಣು ಹೋಗಿರಲಿಲ್ಲ. ಎಂಟು ನಿಮಿಷದ ಬದಲು ಹದಿನಾರು ನಿಮಿಷ ಕೊಡಿ ಎಂದು ಹೇಳಿ ಉಳಿದ ಎರಡನ್ನೂ ಮಂಜುಳಾಗೆ ಕೊಟ್ಟೆ. ಇನ್ನೊಂದು ಮಾತನ್ನೂ ಹೇಳಿದೆ. ರೋಲಿನಲ್ಲಿ ಉಳಿದ ಚಿತ್ರಗಳನ್ನು ಬೆಳಿಗ್ಗೆ ಅಲ್ಲಿಯೇ ನಿಂತು ಓಬಣ್ಣನವರ ಕುರಿ ರೊಪ್ಪದ ಮೇಲೆ ಮುಗಿಸಿ, ಸಾಧ್ಯವಾದರೆ ಓಬಣ್ಣನವರನ್ನೂ ನಿಲ್ಲಿಸಿ. ಯಾಕೆಂದು ಆಮೇಲೆ ಹೇಳುತ್ತೇನೆ ಎಂದೆ.

ಮಾರ್ಗಶಿರದ ಅಮಾವಾಸ್ಯೆಯ ರೋಲುಗಳು ಬಂದವು. ಒಂದರಲ್ಲಿ ಲೆನ್ಸಿನ ಮೇಲೆ ಮಂಜು ಕೂತು ಎಲ್ಲ ಮಸಕಾಗಿತ್ತು. ಇನ್ನೊಂದನ್ನು ತೊಳೆದು ಒಣಗಿಸಿ, ಮೊದಲ ಪ್ರಿಂಟನ್ನು ತಟ್ಟೆಯಲ್ಲಿ ಅದ್ದಿ ದೀಪ ಹಾಕಿದೆ. ಮೂರು ಚುಕ್ಕಿಗಳ ಕೆಳಗೆ, ಫಿಲ್ಟರ್ ಮುಟ್ಟದೆ, ದಾಳಿಂಬೆ ಹೂವಿನಷ್ಟು ಕೆಂಪು. ಸುತ್ತ ಆಕಾಶ ಕಪ್ಪಾಗಿಯೇ ಇತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, ಇದಕ್ಕೋಸ್ಕರವಾದರೆ ಟೊಮೆಟೊ ಹೊರಗಿದ್ದದ್ದು ಪರವಾಗಿಲ್ಲ ಎಂದಳು.

ಗ್ರಾಮಸಭೆಗೆ ನಾನೂ ಹೋದೆ. ಲ್ಯಾಬಿನಲ್ಲಿ ತೊಳೆದ ರೋಲನ್ನು ತುಂಡು ತುಂಡಾಗಿ ಕತ್ತರಿಸಿ ಕವರಿಗೆ ಹಾಕುವುದು ರೂಢಿ. ಈ ರೋಲನ್ನು ಕತ್ತರಿಸಿರಲಿಲ್ಲ. ಮಂಜುಳಾ ದೊಡ್ಡ ಪ್ರಿಂಟನ್ನು ಮೇಜಿನ ಮೇಲಿಟ್ಟು ಹೇಳುವುದನ್ನೆಲ್ಲ ಹೇಳಿದರು. ಓಬಣ್ಣ ಪ್ರಿಂಟನ್ನು ನೋಡಿ, ಕೆಂಪು ಚೆನ್ನಾಗಿದೆ, ಆದರೆ ಇದನ್ನೂ ಹಚ್ಚಬಹುದಲ್ಲ ಎಂದರು. ಆಗ ನಾನು ಎದ್ದು ಇಡೀ ರೋಲನ್ನು ಕಿಟಕಿಗೆ ಅಡ್ಡ ಹಿಡಿದು, ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ನೆಗೆಟಿವ್‌ನಲ್ಲಿ ಎಲ್ಲ ಬಣ್ಣವೂ ತಿರುವುಮುರುವು, ಕೆಂಪು ನೀಲಿಹಸಿರಾಗಿ ಕಾಣುತ್ತದೆ ಎಂದು ತಿಳಿಸಿದೆ. ಅವರು ನಕ್ಷತ್ರದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಸರಿದರು. ಮುಂದಿನ ಚಿತ್ರಕ್ಕೆ ಬಂದಾಗ ಭೂತಗನ್ನಡಿ ನಿಂತಿತು. ಅಲ್ಲಿ ಅವರ ರೊಪ್ಪ, ಅವರ ಕುರಿಗಳು, ಕಂಬಳಿ ಹೊದ್ದು ನಿಂತ ಅವರೇ. ಫಿಲ್ಮ್ ಒಂದೇ, ಎಲ್ಲೂ ಅಂಟಿಸಿದ ಗುರುತಿರಲಿಲ್ಲ. ಅವರು ಮತ್ತೆ ಹಿಂದಕ್ಕೆ ಸರಿದು ನೆಬ್ಯುಲಾವನ್ನು ನೋಡಿದರು, ಮತ್ತೆ ತಮ್ಮನ್ನು ನೋಡಿಕೊಂಡರು. ಸಭೆ ಕಾಯುತ್ತಿತ್ತು.

"ರೊಪ್ಪ ನಮ್ದು ಅಂದ್ರೆ ಅದೂ ನಮ್ದೇ ಆತು" ಎಂದರು ಕೊನೆಗೆ. "ದೀಪ ಬೇಕೇ ಬೇಕು. ಆದ್ರೆ ಕುರಿ ಇರೋದು ಕೆಳಗೆ, ಮ್ಯಾಲಕ್ಕೆ ಯಾಕೆ ಬೆಳಕು ಬಿಡ್ಬೇಕು? ಮುಚ್ಚಿಗೆ ಹಾಕಿಸ್ರಿ."

ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಸಿಯೇ ಮಂಜುಳಾ ಕೂತರು. ಕಂಬ ಬೇಸಿಗೆಯಲ್ಲಿ ಎದ್ದಿತು, ತಲೆಗೆ ತಗಡಿನ ಟೋಪಿ ಹಾಕಿಕೊಂಡೇ.

ಸಭೆಯಾದ ವಾರಕ್ಕೆ, ಲಡಿಯನ್ನು ವಾಪಸು ಕೊಡಲು ಮೊಳಕಾಲ್ಮುರಿಗೆ ಹೋದೆ. ಮಗಳ ಆಲ್ಬಮನ್ನು ಸರಿಪಡಿಸಿ ಕೊಡಬೇಕೆಂದು ಬಹಳ ಆಸೆಯಿತ್ತು. ಆದರೆ ನಮ್ಮಲ್ಲಿ ಅದರ ನೆಗೆಟಿವ್ ಇರಲಿಲ್ಲ, ಇದ್ದಿದ್ದರೂ ಸೀರೆಯನ್ನು ಹಸಿರು ಮಾಡಲು ಹೋದರೆ ಮದುಮಗಳ ಮುಖವೂ ಹಸಿರಾಗುತ್ತಿತ್ತು, ಮುಖವನ್ನು ಮರೆಮಾಡಿದರೆ ಅದು ಮತ್ತೆ ಹಚ್ಚಿದ ಬಣ್ಣವೇ. ಅದಕ್ಕೇ ನೆಬ್ಯುಲಾದ ಒಂದು ಪ್ರಿಂಟನ್ನು ಒಯ್ದಿದ್ದೆ. ಅಂಜಿನಪ್ಪ ಅದನ್ನು ಕೂತಲ್ಲಿ ನೋಡಲೇ ಇಲ್ಲ. ಗೋಡೆ ಹಿಡಿದು ಎದ್ದು, ಹೊಸ್ತಿಲು ದಾಟಿ ಬೆಳಕಿಗೆ ಬಂದು, ಒಂದು ಕೈಯಲ್ಲಿ ಲಡಿ, ಇನ್ನೊಂದರಲ್ಲಿ ಪ್ರಿಂಟ್ ಹಿಡಿದು ಬಹಳ ಹೊತ್ತು ನೋಡಿದರು. ನಾನು ಹಿಂದೆ ನಿಂತಿದ್ದೆ, ಪರೀಕ್ಷೆಯ ಫಲಿತಾಂಶ ಕೇಳುವವನ ಹಾಗೆ.

"ಸರಿಯಾಗೈತೆ" ಎಂದರು.

ಇಪ್ಪತ್ತಾರು ವರ್ಷದಲ್ಲಿ ಯಾವ ಗಿರಾಕಿ ಹೊಗಳಿದಾಗಲೂ ನನಗೆ ಅಷ್ಟು ಸಮಾಧಾನವಾಗಿರಲಿಲ್ಲ. ಫಿಲ್ಮ್ ಸುಳ್ಳು ಹೇಳುವುದಿಲ್ಲ ಎಂದು ಅವತ್ತು ಅಂಗಡಿಯಲ್ಲಿ ನಾನು ಹೇಳಿದ್ದು ನಿಜವೇ ಆಗಿತ್ತು. ಅಂಜಿನಪ್ಪನವರೂ ಸುಳ್ಳು ಹೇಳಿರಲಿಲ್ಲ. ಇಬ್ಬರ ಮಾತು ಒಂದಕ್ಕೊಂದು ಹೊಂದದಿದ್ದರೆ ಇಬ್ಬರಲ್ಲೊಬ್ಬರನ್ನು ಬಯ್ಯುವ ಮೊದಲು ಮೆಟ್ಟಿಲಿಳಿದು ಬಿಸಿಲಿಗೆ ಹೋಗಿ ನೋಡಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಇದನ್ನೇ, ಅಂಗಡಿ ಮುಚ್ಚಿದ ಏಳು ವರ್ಷಕ್ಕೆ.